ನಿಮ್ಮ ಮೊದಲ ಸಾಲೇ ನಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡುವುದಿಲ್ಲ: ಡಾಕ್ಯುಮೆಂಟೇಷನ್ ಬರೆಯುವವರಿಗೆ ಆನೇಕಲ್‌ನಿಂದ ಒಂದು ಬಹಿರಂಗ ಪತ್ರ

ಎಲೆಕ್ಟ್ರಾನಿಕ್ ಸಿಟಿಯಲ್ಲೋ ವೈಟ್‌ಫೀಲ್ಡ್‌ನಲ್ಲೋ ಕೂತು ಸಾಫ್ಟ್‌ವೇರ್‌ಗಳಿಗೆ ಡಾಕ್ಯುಮೆಂಟೇಷನ್ ಬರೆಯುವ ಗೆಳೆಯರೇ,

ನಿಮ್ಮಲ್ಲಿ ಕೆಲವರ ಹುದ್ದೆಯೇ ಟೆಕ್ನಿಕಲ್ ರೈಟರ್. ಉಳಿದವರು ಡೆವಲಪರ್‌ಗಳು, ಕೋಡ್ ಮುಗಿದ ಮೇಲೆ ಮ್ಯಾನೇಜರ್ ಕೇಳಿದರೆಂದು ಶುಕ್ರವಾರ ಸಂಜೆ ಒಂದು ರೀಡ್‌ಮಿ ಬರೆದು ಕೈತೊಳೆದುಕೊಳ್ಳುವವರು. ಈ ಪತ್ರ ಇಬ್ಬರಿಗೂ. ನಾನು ಆನೇಕಲ್‌ನಲ್ಲಿ ಡಿಗ್ರಿ, ಡಿಪ್ಲೊಮಾ ಓದುವ ಮಕ್ಕಳಿಗೆ ಸಂಜೆ ಹೊತ್ತು ಪ್ರೋಗ್ರಾಮಿಂಗ್ ಹೇಳಿಕೊಡುತ್ತೇನೆ. ನೀವು ಬರೆದದ್ದನ್ನು ಅವರ ಪಕ್ಕದಲ್ಲಿ ಕೂತು ಓದುವುದೇ ನನ್ನ ಕೆಲಸದ ದೊಡ್ಡ ಪಾಲು. ಹಾಗಾಗಿ ನಿಮ್ಮ ಬರವಣಿಗೆಯ ಬಗ್ಗೆ ನಾಲ್ಕು ಮಾತು ಆಡುವ ಹಕ್ಕು ನನಗಿದೆ ಎಂದುಕೊಂಡಿದ್ದೇನೆ.

ದೂರು ಒಂದೇ. ಓದುವವರ ಮುಂದೆ ಯಾವ ಕಂಪ್ಯೂಟರ್ ಇದೆ ಎಂದು ನಿಮ್ಮ ಕೈಪಿಡಿ ಕೇಳುವುದೇ ಇಲ್ಲ. ನಿಮ್ಮ ಮೇಜಿನ ಮೇಲಿರುವ ಯಂತ್ರವೇ ಊರಿಗೆಲ್ಲ ಇದೆ ಎಂದುಕೊಂಡು ಬರೆದುಬಿಡುತ್ತೀರಿ. ನಿಮ್ಮ ಮೇಜಿನ ಮೇಲಿರುವುದು ಕಂಪನಿ ಕೊಟ್ಟ ಮ್ಯಾಕ್‌ಬುಕ್, ಇಲ್ಲವೇ ಉಬುಂಟು ಹಾಕಿಕೊಂಡ ಒಳ್ಳೆಯ ಲ್ಯಾಪ್‌ಟಾಪ್. ನಮ್ಮ ಮಕ್ಕಳ ಮುಂದಿರುವುದು ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್, ಇಲ್ಲವೇ ಹಿಂದೆ ಯಾವುದೋ ವರ್ಷ ಸರ್ಕಾರ ಕಾಲೇಜಿನಲ್ಲಿ ಹಂಚಿದಾಗ ಅಣ್ಣನಿಗೆ ಸಿಕ್ಕದ್ದು. ನಾಲ್ಕು ಜಿಬಿ ರ‍್ಯಾಮ್, ಅದೃಷ್ಟವಿದ್ದರೆ ಎಂಟು. ಒಳಗಿರುವುದು ವಿಂಡೋಸ್ 10. ಅದಕ್ಕೆ ಮೈಕ್ರೋಸಾಫ್ಟ್ ಕೊಡುತ್ತಿದ್ದ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11 ಹಾಕೋಣವೆಂದರೆ ಟಿಪಿಎಂ 2.0 ಚಿಪ್ ಬೇಕು, ಅವರು ಒಪ್ಪಿದ ಪಟ್ಟಿಯಲ್ಲಿರುವ ಪ್ರೊಸೆಸರೇ ಬೇಕು. ಹಳೆಯ ಯಂತ್ರಗಳಲ್ಲಿ ಎಷ್ಟೋ ಅಲ್ಲೇ ನಿಂತುಬಿಡುತ್ತವೆ. ಎಸ್‌ಪಿ ರೋಡಿನ ಅಂಗಡಿಗಳಿಗೆ ಈ ಲ್ಯಾಪ್‌ಟಾಪ್‌ಗಳು ಬರುವುದು ಬಹುಪಾಲು ನಿಮ್ಮಂಥ ಕಂಪನಿಗಳು ಮೂರ್ನಾಲ್ಕು ವರ್ಷ ಬಳಸಿ ಬಿಟ್ಟ ಮೇಲೆಯೇ ಅನ್ನುವುದನ್ನೂ ಇಲ್ಲೇ ಹೇಳಿಬಿಡುತ್ತೇನೆ.

ಈಗ ನಿಮ್ಮ ಕೈಪಿಡಿಯ ಮೊದಲ ಪುಟ. ‘ಐದು ನಿಮಿಷದಲ್ಲಿ ಶುರುಮಾಡಿ’ ಎಂಬ ತಲೆಬರಹ. ಅದರ ಕೆಳಗೆ ‘ಬ್ರೂ ಇನ್‌ಸ್ಟಾಲ್’ ಎಂದು ಒಂದು ಕಮಾಂಡ್. ಹೋಮ್‌ಬ್ರೂ 2009ರಲ್ಲಿ ಮ್ಯಾಕ್‌ಗೆಂದೇ ಹುಟ್ಟಿದ ಸಾಧನ, ಆಮೇಲೆ ಲಿನಕ್ಸ್‌ಗೂ ಬಂತು. ವಿಂಡೋಸ್‌ನ ಕಮಾಂಡ್ ಪ್ರಾಂಪ್ಟ್ ‘ಇಂಥದ್ದೊಂದು ನನಗೆ ಗೊತ್ತಿಲ್ಲ’ ಎನ್ನುತ್ತದೆ. ನನ್ನ ಪಕ್ಕ ಕೂತ ಹುಡುಗಿ ಅಕ್ಷರ ತಪ್ಪಿತೇನೋ ಎಂದು ಮತ್ತೆ ಟೈಪ್ ಮಾಡುತ್ತಾಳೆ. ಮೂರನೆಯ ಸಲ ಕಾಪಿ ಮಾಡಿ ಪೇಸ್ಟ್ ಮಾಡುತ್ತಾಳೆ. ಇದು ಬೇರೆ ಯಂತ್ರಕ್ಕೆ ಬರೆದ ಸಾಲು ಎಂದು ಅವಳಿಗೆ ಹೇಗೆ ಗೊತ್ತಾಗಬೇಕು? ಪುಟದಲ್ಲಿ ಎಲ್ಲೂ ಬರೆದಿಲ್ಲವಲ್ಲ.

ಅದನ್ನು ಹೇಗೋ ದಾಟಿದಳು ಎಂದುಕೊಳ್ಳಿ. ಮುಂದೆ ಪೈಥಾನ್. ನೀವು ‘ಪೈಥಾನ್3’ ಎಂದು ಬರೆದಿರುತ್ತೀರಿ. ಪೈಥಾನ್ ಹಾಕಿರದ ವಿಂಡೋಸ್ 10ರಲ್ಲಿ ಹಾಗೆ ಹೊಡೆದರೆ ಮೈಕ್ರೋಸಾಫ್ಟ್ ಸ್ಟೋರ್ ತೆರೆದುಕೊಳ್ಳುತ್ತದೆ, 2019ರಿಂದ ಅದೊಂದು ಏರ್ಪಾಟು. ಪೈಥಾನ್ ತಂಡದ ಇನ್‌ಸ್ಟಾಲರ್ ತಂದು ಹಾಕಿದವರಿಗೂ ಎಷ್ಟೋ ಸಲ ‘ಪೈಥಾನ್3’ ಎಂದರೆ ಅದೇ ಅಂಗಡಿ. ವಿಂಡೋಸ್‌ನಲ್ಲಿ ‘ಪೈಥಾನ್’ ಅಥವಾ ಬರೀ ‘ಪಿವೈ’ ಅನ್ನಬೇಕು. ಅದಾದ ಮೇಲೆ ವರ್ಚುವಲ್ ಎನ್ವಿರಾನ್‌ಮೆಂಟ್ ಆನ್ ಮಾಡುವ ಹಂತ. ಮ್ಯಾಕ್, ಲಿನಕ್ಸ್‌ನಲ್ಲಿ ಅದನ್ನು ಆನ್ ಮಾಡುವ ಫೈಲು ‘ಬಿನ್’ ಫೋಲ್ಡರಿನೊಳಗೆ ಇರುತ್ತದೆ, ವಿಂಡೋಸ್‌ನಲ್ಲಿ ‘ಸ್ಕ್ರಿಪ್ಟ್ಸ್’ ಫೋಲ್ಡರಿನೊಳಗೆ. ನೀವು ಬರೆದಿರುವ ‘ಸೋರ್ಸ್’ ಎಂಬ ಕಮಾಂಡೇ ಕಮಾಂಡ್ ಪ್ರಾಂಪ್ಟ್‌ನಲ್ಲಿ ಇಲ್ಲ. ಯಾರೋ ಪವರ್‌ಶೆಲ್ ಬಳಸು ಎಂದು ಹೇಳಿಕೊಟ್ಟಿರುತ್ತಾರೆ. ಅಲ್ಲಿಗೆ ಹೋದರೆ ಈ ಯಂತ್ರದಲ್ಲಿ ಸ್ಕ್ರಿಪ್ಟ್ ಓಡಿಸುವಂತಿಲ್ಲ ಎಂದು ಕೆಂಪಕ್ಷರದಲ್ಲಿ ಬೈಗುಳ.

ಈ ಕೆಂಪಕ್ಷರದ ಹತ್ತಿರ ಸ್ವಲ್ಪ ನಿಲ್ಲಬೇಕು, ಯಾಕೆಂದರೆ ಇಲ್ಲಿ ನಿಮ್ಮ ಮೌನದಿಂದ ಆಗುವ ನಷ್ಟ ಬರೀ ಸಮಯದ್ದಲ್ಲ. ಕೈಪಿಡಿಯಲ್ಲಿ ಉತ್ತರ ಇಲ್ಲದಾಗ ಮಕ್ಕಳು ಯೂಟ್ಯೂಬಿಗೆ ಹೋಗುತ್ತಾರೆ. ಅಲ್ಲಿ ಒಬ್ಬ ಮಹಾನುಭಾವ ಪವರ್‌ಶೆಲ್ ಅನ್ನು ಅಡ್ಮಿನ್ ಆಗಿ ತೆರೆದು, ಇಡೀ ಕಂಪ್ಯೂಟರಿಗೆ ಯಾವ ಸ್ಕ್ರಿಪ್ಟ್ ಬೇಕಾದರೂ ಓಡಲಿ ಎಂದು ಬೀಗ ತೆಗೆಯುವುದನ್ನು ಹೇಳಿಕೊಡುತ್ತಾನೆ. ಮಕ್ಕಳು ಮಾಡುತ್ತಾರೆ, ಕೆಲಸ ಆಗುತ್ತದೆ, ಬೀಗ ಮತ್ತೆ ಹಾಕುವುದಿಲ್ಲ. ಪೈಥಾನ್‌ನ ಅಧಿಕೃತ ಕೈಪಿಡಿಯಲ್ಲಿ ಇದಕ್ಕೆ ಸರಿಯಾದ ದಾರಿ ಇದೆ: ಆ ಒಬ್ಬ ಬಳಕೆದಾರನ ಮಟ್ಟಿಗೆ ಮಾತ್ರ, ಕಂಪ್ಯೂಟರಿನಲ್ಲೇ ಬರೆದ ಸ್ಕ್ರಿಪ್ಟ್‌ಗಳಿಗೂ ಸಹಿ ಇರುವ ಹೊರಗಿನವಕ್ಕೂ ಅನುಮತಿ. ಅದೇ ಪುಟದಲ್ಲಿ ಬ್ಯಾಶ್, ಫಿಶ್, ಕಮಾಂಡ್ ಪ್ರಾಂಪ್ಟ್, ಪವರ್‌ಶೆಲ್ ಹೀಗೆ ಒಂದೊಂದಕ್ಕೂ ಯಾವ ಸಾಲು ಹೊಡೆಯಬೇಕೆಂದು ಒಂದು ಚಿಕ್ಕ ಕೋಷ್ಟಕವನ್ನೇ ಕೊಟ್ಟಿದ್ದಾರೆ. ಆ ಕೋಷ್ಟಕ ಬರೆದವರಿಗೆ ನನ್ನ ದೊಡ್ಡ ನಮಸ್ಕಾರ. ನೀವು ಏನೂ ಬರೆಯಬೇಡಿ, ಅದರ ಕೊಂಡಿ ಒಂದನ್ನು ನಿಮ್ಮ ಪುಟಕ್ಕೆ ಹಾಕಿ ಸಾಕು.

ಇನ್ನು ಎಪಿಐ ಕೀ ಇಡುವ ‘ಎಕ್ಸ್‌ಪೋರ್ಟ್’ ಸಾಲು. ಕಮಾಂಡ್ ಪ್ರಾಂಪ್ಟ್‌ನಲ್ಲಿ ಅದಕ್ಕೆ ‘ಸೆಟ್’ ಅನ್ನಬೇಕು, ಪವರ್‌ಶೆಲ್‌ನಲ್ಲಿ ಡಾಲರ್ ಗುರುತು ಹಾಕಿ ‘ಎನ್ವ್’ ಎಂದು ಇನ್ನೊಂದು ಬಗೆ. ಎಪಿಐ ಪರೀಕ್ಷಿಸುವ ‘ಕರ್ಲ್’ ಕಮಾಂಡನ್ನು ನೀವು ನಾಲ್ಕು ಸಾಲಿಗೆ ಮುರಿದು, ಪ್ರತಿ ಸಾಲಿನ ಕೊನೆಗೆ ಬ್ಯಾಕ್‌ಸ್ಲ್ಯಾಶ್ ಇಟ್ಟು, ಜೇಸನ್ ಅನ್ನು ಒಂಟಿ ಉದ್ಧರಣ ಚಿಹ್ನೆಯೊಳಗೆ ಸುತ್ತಿ ಚಂದವಾಗಿ ಬರೆದಿರುತ್ತೀರಿ. ಕಮಾಂಡ್ ಪ್ರಾಂಪ್ಟ್ ಸಾಲು ಮುರಿಯಲು ಬೇರೆ ಚಿಹ್ನೆ ಕೇಳುತ್ತದೆ, ಪವರ್‌ಶೆಲ್ ಮತ್ತೊಂದನ್ನು. ಒಂಟಿ ಉದ್ಧರಣ ಚಿಹ್ನೆಗೆ ಕಮಾಂಡ್ ಪ್ರಾಂಪ್ಟ್‌ನಲ್ಲಿ ಬೆಲೆಯೇ ಇಲ್ಲ. ವಿಂಡೋಸ್ ಜೊತೆಗೇ ಬರುವ ಪವರ್‌ಶೆಲ್ 5.1ರಲ್ಲಂತೂ ‘ಕರ್ಲ್’ ಎಂದರೆ ನೀವು ಅಂದುಕೊಂಡ ಕರ್ಲ್ ಅಲ್ಲ, ಬೇರೊಂದು ಕಮಾಂಡಿಗೆ ಇಟ್ಟ ಅಡ್ಡಹೆಸರು. ನಿಜವಾದ ಕರ್ಲ್ 2018ರಿಂದ ವಿಂಡೋಸ್ 10ರಲ್ಲೇ ಇದೆ, ಆದರೆ ಈ ಪವರ್‌ಶೆಲ್‌ನಲ್ಲಿ ಕೊನೆಗೆ ‘ಇಎಕ್ಸ್‌ಇ’ ಸೇರಿಸಿ ಕರೆಯಬೇಕು. ಇಷ್ಟೆಲ್ಲ ಯಾವ ಹುಡುಗನಿಗೆ ಗೊತ್ತಿರುತ್ತದೆ? ಅವನು ನಿಮ್ಮ ಎಪಿಐ ಕಲಿಯಲು ಬಂದವನು.

ಎಲ್ಲಕ್ಕಿಂತ ತಲೆ ಕೆಡಿಸುವುದು ಸಾಲಿನ ಕೊನೆ. ಹಳೆಯ ಟೆಲಿಟೈಪ್ ಕಾಲದ ಪಳೆಯುಳಿಕೆಯಾಗಿ ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಾಣದ ಎರಡು ಚಿಹ್ನೆ ಇಡುತ್ತದೆ, ಲಿನಕ್ಸ್ ಒಂದೇ. ವಿಂಡೋಸ್‌ನ ಗಿಟ್ ನಿಮ್ಮ ಪ್ರಾಜೆಕ್ಟನ್ನು ಇಳಿಸಿಕೊಳ್ಳುವಾಗ ಎಷ್ಟೋ ಸಲ ಆ ಹೆಚ್ಚಿನ ಚಿಹ್ನೆಯನ್ನು ತಾನೇ ಸೇರಿಸಿಬಿಡುತ್ತದೆ. ಆಮೇಲೆ ಅದೇ ಫೋಲ್ಡರಿನ ಶೆಲ್ ಸ್ಕ್ರಿಪ್ಟು ಡಾಕರ್ ಒಳಗೆ ಓಡುವಾಗ ‘ಇಂಥ ಫೈಲೇ ಇಲ್ಲ’ ಎಂಬ ದೂರು. ಫೈಲು ಕಣ್ಣೆದುರಿಗಿದೆ! ಅದನ್ನು ಅಳಿಸಿ, ಮತ್ತೆ ಇಳಿಸಿ, ಡಾಕರ್ ಕಿತ್ತುಹಾಕಿ ಮತ್ತೆ ಹಾಕಿ ಭಾನುವಾರ ಪೂರ್ತಿ ಕಳೆದವರನ್ನು ನೋಡಿದ್ದೇನೆ. ನಿಮ್ಮ ಪ್ರಾಜೆಕ್ಟಿನ ‘ಗಿಟ್‌ಆಟ್ರಿಬ್ಯೂಟ್ಸ್’ ಫೈಲಿನಲ್ಲಿ ನೀವು ಒಂದು ಸಾಲು ಬರೆದಿದ್ದರೆ ಇದು ಯಾರಿಗೂ ಆಗುತ್ತಿರಲಿಲ್ಲ. ಇದು ಓದುವವನು ಸರಿಮಾಡಬೇಕಾದ್ದಲ್ಲ, ನೀವು ಸರಿಮಾಡಬೇಕಾದ್ದು.

ಹೀಗೆ ಎಡವಿದ ಮಕ್ಕಳು ನಿಮ್ಮನ್ನು ಬೈಯುವುದಿಲ್ಲ. ‘ನಮಗಿದು ಆಗಿಬರಲ್ಲ ಸಾರ್’ ಎನ್ನುತ್ತಾರೆ. ಇದೇ ನನಗೆ ಕೋಪ ತರಿಸುವುದು. ಇಂಗ್ಲಿಷಿನ ಭಯವನ್ನು ಹೇಗೋ ಅದುಮಿಟ್ಟು ನಿಮ್ಮ ಪುಟಕ್ಕೆ ಬಂದಿರುತ್ತಾರೆ. ಇಂಗ್ಲಿಷ್ ಅರ್ಥವಾಯಿತು, ಹೇಳಿದ್ದನ್ನು ಹೇಳಿದ ಹಾಗೇ ಮಾಡಿದರು, ಆದರೂ ಆಗಲಿಲ್ಲ. ಹಾಗಾದರೆ ತಪ್ಪು ತಮ್ಮದೇ ಇರಬೇಕು ಎಂದು ತೀರ್ಮಾನಿಸುತ್ತಾರೆ. ಕೆಲಸಕ್ಕೆ ಅರ್ಜಿ ಹಾಕಿದಾಗ ಮನೆಯಲ್ಲೇ ಮಾಡಿಕೊಡಿ ಎಂದು ಕಳಿಸುವ ಅಸೈನ್‌ಮೆಂಟ್‌ಗಳದ್ದೂ ಇದೇ ಕತೆ. ನಾಲ್ಕು ಗಂಟೆಯ ಗಡುವು. ಪ್ರಾಜೆಕ್ಟ್ ಶುರುಮಾಡುವ ಸ್ಕ್ರಿಪ್ಟೇ ಬ್ಯಾಶ್‌ನಲ್ಲಿ. ನನ್ನ ವಿದ್ಯಾರ್ಥಿಯೊಬ್ಬ ಅರ್ಧ ಸಮಯವನ್ನು ಅದನ್ನು ಓಡಿಸುವುದಕ್ಕೇ ಕಳೆದ. ಅಳೆಯಲು ಹೊರಟದ್ದು ಅವನ ಕೋಡಿಂಗ್. ಅಳೆದದ್ದು ಅವನ ಹತ್ತಿರ ಯಾವ ಲ್ಯಾಪ್‌ಟಾಪ್ ಇದೆ ಎನ್ನುವುದನ್ನು.

ನಿಮ್ಮ ಉತ್ತರ ನನಗೆ ಗೊತ್ತು. ಒಂದು: ‘ಡೆವಲಪರ್‌ಗಳೆಲ್ಲ ಮ್ಯಾಕ್ ಅಥವಾ ಲಿನಕ್ಸ್ ಬಳಸುತ್ತಾರೆ.’ ನಿಮ್ಮ ಮಹಡಿಯಲ್ಲಿ ಇರಬಹುದು. ಸ್ಟ್ಯಾಕ್ ಓವರ್‌ಫ್ಲೋ ವರ್ಷವರ್ಷ ನಡೆಸುವ ಡೆವಲಪರ್ ಸಮೀಕ್ಷೆಯ 2024ರ ಫಲಿತಾಂಶದಲ್ಲಿ ಎಲ್ಲಕ್ಕಿಂತ ಮುಂದಿದ್ದದ್ದು ವಿಂಡೋಸ್. ಕೆಲಸಕ್ಕೆ ಅದನ್ನು ಬಳಸುವವರು ಹೆಚ್ಚುಕಡಿಮೆ ಅರ್ಧದಷ್ಟು, ಮ್ಯಾಕ್ ಬಳಸುವವರು ಮೂರರಲ್ಲಿ ಒಬ್ಬರ ಹತ್ತಿರ ಹತ್ತಿರ. ಮನೆಯ ಬಳಕೆಯಲ್ಲಿ ವಿಂಡೋಸ್ ಪಾಲು ಇನ್ನೂ ಹೆಚ್ಚು. ಕಲಿಯುವುದು ಮನೆಯಲ್ಲಿ ತಾನೇ?

ಎರಡನೆಯದು: ‘ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಲಿ.’ ವಿಂಡೋಸ್‌ನೊಳಗೆ ಲಿನಕ್ಸ್ ಓಡಿಸುವ ಈ ಏರ್ಪಾಟು 2016ರಲ್ಲಿ ಬಂತು, ಎರಡನೆಯ ಆವೃತ್ತಿಯನ್ನು 2019ರಲ್ಲಿ ಪ್ರಕಟಿಸಿದರು. ಒಳ್ಳೆಯದೇ, ನಾನೂ ಹೇಳಿಕೊಡುತ್ತೇನೆ. ಆದರೆ ಅದಕ್ಕೆ ಬಯೋಸ್‌ಗೆ ಹೋಗಿ ವರ್ಚುವಲೈಸೇಷನ್ ಆನ್ ಮಾಡಬೇಕಾಗಬಹುದು. ಎಷ್ಟೋ ಸೆಕೆಂಡ್‌ಹ್ಯಾಂಡ್ ಲ್ಯಾಪ್‌ಟಾಪ್‌ಗಳಲ್ಲಿ ಹಳೆಯ ಕಂಪನಿಯ ಬಯೋಸ್ ಪಾಸ್‌ವರ್ಡ್ ಇನ್ನೂ ಕೂತಿರುತ್ತದೆ. ನಾಲ್ಕು ಜಿಬಿಯಲ್ಲಿ ವಿಂಡೋಸ್, ಅದರೊಳಗೆ ಲಿನಕ್ಸ್, ಮೇಲೆ ಡಾಕರ್, ಪಕ್ಕದಲ್ಲಿ ಕ್ರೋಮ್: ಫ್ಯಾನಿನ ಸದ್ದಿಗೆ ಪಾಠ ಕೇಳಿಸುವುದಿಲ್ಲ. ‘ಡಬ್ಲ್ಯುಎಸ್‌ಎಲ್ ಹಾಕಿಕೊಳ್ಳಿ’ ಎಂದು ಒಂದು ಸಾಲು ಬರೆದು ಸುಮ್ಮನಾಗುವುದು, ಆನೇಕಲ್‌ಗೆ ದಾರಿ ಕೇಳಿದವರಿಗೆ ‘ಹಳದಿ ಮೆಟ್ರೋ ಹತ್ತಿ ಬೊಮ್ಮಸಂದ್ರದಲ್ಲಿ ಇಳಿಯಿರಿ’ ಎಂದು ಹೇಳಿದ ಹಾಗೆ. 2025ರ ಆಗಸ್ಟ್‌ನಿಂದ ಮೆಟ್ರೋ ಬೊಮ್ಮಸಂದ್ರದ ತನಕ ಬರುತ್ತಿರುವುದು ನಿಜ. ಅಲ್ಲಿಂದ ಮುಂದೆ ಚಂದಾಪುರದ ಟ್ರಾಫಿಕ್ ದಾಟಿ ಬರುವುದು ಹೇಗೆಂದು ಹೇಳುವವರು ಬೇಕಲ್ಲ.

ಮೂರನೆಯ ಉತ್ತರವನ್ನು ನಾನೂ ಒಪ್ಪುತ್ತೇನೆ. ಸರ್ವರ್‌ಗಳು ಓಡುವುದು ಬಹುಪಾಲು ಲಿನಕ್ಸ್ ಮೇಲೆ, ಇವತ್ತಲ್ಲ ನಾಳೆ ಅದನ್ನು ಕಲಿಯಲೇಬೇಕು. ವಿಂಡೋಸ್‌ನಲ್ಲಿ ದೊಡ್ಡಕ್ಷರ, ಚಿಕ್ಕಕ್ಷರ ಬೆರೆಸಿ ಫೈಲಿನ ಹೆಸರು ಬರೆದು, ತನ್ನಲ್ಲಿ ಓಡಿತೆಂದು ಹಿಗ್ಗಿ, ಸರ್ವರಿಗೆ ಏರಿಸಿದ ಕೂಡಲೇ ಮುಗ್ಗರಿಸುವವರು ನಮ್ಮಲ್ಲೇ ಇದ್ದಾರೆ. ಆದರೆ ಲಿನಕ್ಸ್ ಕಲಿಸುವುದಾದರೆ ಲಿನಕ್ಸ್ ಕಲಿಸುತ್ತೇವೆ ಎಂದು ಹೇಳಿ ಕಲಿಸಿ. ಪೇಮೆಂಟ್ ಎಪಿಐ ಕಲಿಸುತ್ತೇನೆಂದು ಕರೆದು ಬಾಗಿಲಲ್ಲೇ ಯೂನಿಕ್ಸ್ ಪರೀಕ್ಷೆ ಮಾಡಬೇಡಿ.

ಇದು ವಿಂಡೋಸ್ ಬಳಸುವವರಿಗಷ್ಟೇ ಆಗುವ ಅನ್ಯಾಯವೂ ಅಲ್ಲ, ವಿಂಡೋಸ್ ಮೇಲೆ ನನಗೇನೂ ವಿಶೇಷ ಪ್ರೀತಿಯಿಲ್ಲ. ಮೈಕ್ರೋಸಾಫ್ಟಿನ ಡಾಟ್‌ನೆಟ್, 2016ರಲ್ಲಿ ಕೋರ್ ಆವೃತ್ತಿ ಬರುವವರೆಗೆ, ವಿಂಡೋಸ್ ಮನೆಯ ಆಸ್ತಿಯಾಗಿತ್ತು. ಲಿನಕ್ಸ್‌ನವರು ಮೋನೋ ಹಾಕಿಕೊಂಡು ಪುಸ್ತಕದಲ್ಲಿಲ್ಲದ ದಾರಿ ಹುಡುಕಬೇಕಿತ್ತು. ಮ್ಯಾಕ್‌ನವರೂ ಎಡವುತ್ತಾರೆ: ಲಿನಕ್ಸ್‌ನಲ್ಲಿ ಬರೆದ ‘ಸೆಡ್’ ಕಮಾಂಡು ಮ್ಯಾಕ್‌ನ ಬಿಎಸ್‌ಡಿ ಸೆಡ್‌ನಲ್ಲಿ ಎಷ್ಟೋ ಸಲ ಹಾಗೇ ಓಡುವುದಿಲ್ಲ. ಕನ್ನಡದ ಮನೆಯೊಳಗೂ ನೋಡಿಕೊಳ್ಳೋಣ. ಶೇಷಾದ್ರಿ ವಾಸು ಅವರ ‘ಬರಹ’ 1998ರಲ್ಲಿ ಬಂತು. ಕನ್ನಡ ಗಣಕ ಪರಿಷತ್ತಿನ ‘ನುಡಿ’ ಸರ್ಕಾರಿ ಕಚೇರಿಗಳ ಕನ್ನಡವನ್ನೆಲ್ಲ ವರ್ಷಗಟ್ಟಲೆ ಹೊತ್ತಿತು. ಇವೆರಡೂ ಇಲ್ಲದಿದ್ದರೆ ಕಂಪ್ಯೂಟರಿನಲ್ಲಿ ಕನ್ನಡ ಇಷ್ಟು ಬೇಗ ಊರೂರಿಗೆ ಹೋಗುತ್ತಿರಲಿಲ್ಲ. ಆದರೆ ಎರಡೂ ವಿಂಡೋಸ್‌ಗೆ ಮಾಡಿದ್ದು. ನುಡಿ ಕಲಿಸುವ ಜೆರಾಕ್ಸ್ ಟಿಪ್ಪಣಿಗಳು ಇಂದಿಗೂ ಕನ್ನಡಕ್ಕೆ ಬದಲಾಯಿಸಲು ಸ್ಕ್ರೋಲ್ ಲಾಕ್ ಒತ್ತಿ ಎನ್ನುತ್ತವೆ. ಈಗಿನ ಲ್ಯಾಪ್‌ಟಾಪ್‌ಗಳಲ್ಲಿ ಆ ಕೀ ಹುಡುಕಿದರೂ ಸಿಗುವುದು ಅಪರೂಪ. ಲಿನಕ್ಸ್ ಬಳಸುವವನಿಗೆ ನುಡಿ ಇಲ್ಲವಲ್ಲ ಎಂಬ ಕೊರಗು, ಆದರೆ ಕೆ.ಪಿ. ರಾವ್ ಅವರು ರೂಪಿಸಿದ ಅದೇ ಕೀಲಿ ವಿನ್ಯಾಸ ಲಿನಕ್ಸ್‌ನ ಕೀಬೋರ್ಡ್ ಪಟ್ಟಿಯಲ್ಲಿ ‘ಕಗಪ’ ಎಂಬ ಹೆಸರಲ್ಲಿ ಮೊದಲೇ ಇದೆ. ಅದನ್ನು ಆ ಟಿಪ್ಪಣಿಯಲ್ಲಿ ಒಂದು ಸಾಲಿನಲ್ಲಿ ಹೇಳಬಹುದಿತ್ತು.

ಸರಿಯಾಗಿ ಮಾಡಿದವರೂ ಇದ್ದಾರೆ, ಅದಕ್ಕೇ ನಿಮ್ಮನ್ನು ಕೇಳುವ ಧೈರ್ಯ. ಐಐಟಿ ಬಾಂಬೆಯ ‘ಸ್ಪೋಕನ್ ಟ್ಯುಟೋರಿಯಲ್’ ವಿಡಿಯೋಗಳು ಕನ್ನಡದಲ್ಲೂ ಇವೆ. ಒಂದೊಂದು ಪಾಠದ ಆರಂಭದಲ್ಲೇ ಇದನ್ನು ಯಾವ ಆಪರೇಟಿಂಗ್ ಸಿಸ್ಟಮ್‌ನ ಯಾವ ಆವೃತ್ತಿಯಲ್ಲಿ, ಸಾಫ್ಟ್‌ವೇರಿನ ಯಾವ ಆವೃತ್ತಿಯಲ್ಲಿ ರೆಕಾರ್ಡ್ ಮಾಡುತ್ತಿದ್ದೇವೆಂದು ಹೇಳಿಬಿಡುತ್ತಾರೆ. ಬಹಳಷ್ಟು ಉಬುಂಟು ಲಿನಕ್ಸ್‌ನಲ್ಲಿ ಮಾಡಿದವು. ವಿಂಡೋಸ್ ಬಳಸುವ ಮಗು ನೋಡುತ್ತಿದ್ದರೂ ತನ್ನ ಪರದೆ ಬೇರೆ ಕಾಣುತ್ತದೆಂದು ಮೊದಲ ನಿಮಿಷಕ್ಕೇ ತಿಳಿದುಕೊಳ್ಳುತ್ತದೆ. ಆ ಶೈಲಿ ನೀರಸ ಎಂದು ನಗುವವರಿದ್ದಾರೆ. ನನಗಂತೂ ಅದು ಓದುಗರಿಗೆ ಕೊಡುವ ಮರ್ಯಾದೆಯಾಗಿ ಕಾಣುತ್ತದೆ.

ಕಾಸರಗೋಡಿನ ಉದಾಹರಣೆ ಇನ್ನೂ ಚೆನ್ನಾಗಿದೆ. ಕೇರಳದ ಸರ್ಕಾರಿ ಶಾಲೆಗಳ ಕಂಪ್ಯೂಟರ್ ಲ್ಯಾಬ್‌ಗಳಲ್ಲಿ ಓಡುವುದು ಉಬುಂಟು ಆಧಾರದ ಕೈಟ್ ಗ್ನೂ ಲಿನಕ್ಸ್. ಅಲ್ಲಿನ ಕನ್ನಡ ಮಾಧ್ಯಮದ ಮಕ್ಕಳಿಗೆ ಐಟಿ ಪಠ್ಯಪುಸ್ತಕ ಕನ್ನಡದಲ್ಲೇ ಸಿಗುತ್ತದೆ, ಅದನ್ನು ಬರೆದಿರುವುದು ಲ್ಯಾಬಿನಲ್ಲಿರುವ ಆ ಸಿಸ್ಟಮ್‌ಗೆ ತಕ್ಕಂತೆಯೇ. ಪುಸ್ತಕದಲ್ಲಿ ಕಂಡ ಮೆನು ಪರದೆಯಲ್ಲೂ ಕಾಣುತ್ತದೆ. ಕರ್ನಾಟಕದಲ್ಲೂ 2010ರ ದಶಕದಲ್ಲಿ ಬೆಂಗಳೂರಿನ ಐಟಿ ಫಾರ್ ಚೇಂಜ್ ಸಂಸ್ಥೆ ಶಿಕ್ಷಣ ಇಲಾಖೆಯ ಜೊತೆ ಸೇರಿ ಪ್ರೌಢಶಾಲಾ ಶಿಕ್ಷಕರಿಗೆ ಉಬುಂಟು ಮೇಲೆಯೇ ತರಬೇತಿ ಕೊಟ್ಟಿತ್ತು, ಕನ್ನಡದಲ್ಲಿ ಕೈಪಿಡಿಗಳನ್ನೂ ತಂದಿತ್ತು. ಯಂತ್ರ ಯಾವುದೇ ಇರಲಿ, ಪುಸ್ತಕ ಮತ್ತು ಯಂತ್ರ ಒಂದೇ ಮಾತಾಡಿದರೆ ಹನ್ನೆರಡು ವರ್ಷದ ಮಗುವೂ ಲಿನಕ್ಸ್ ಕಲಿಯುತ್ತದೆ.

ನಿಮ್ಮ ಕಸುಬಿನೊಳಗಿನ ಉದಾಹರಣೆಯೇ ಬೇಕೆಂದರೆ ಜ್ಯಾಂಗೋ ಕೈಪಿಡಿ ತೆರೆಯಿರಿ. ಕಮಾಂಡ್ ಇರುವ ಪೆಟ್ಟಿಗೆಯ ಮೇಲೆ ಎರಡು ಟ್ಯಾಬ್: ಒಂದು ಲಿನಕ್ಸ್ ಮತ್ತು ಮ್ಯಾಕ್‌ಗೆ, ಇನ್ನೊಂದು ವಿಂಡೋಸ್‌ಗೆ. ಡಾಕ್ಯುಸಾರಸ್‌ನಂಥ ಸಾಧನಗಳಲ್ಲಿ ಒಂದು ಕಡೆ ವಿಂಡೋಸ್ ಆರಿಸಿದರೆ ಮಿಕ್ಕ ಪುಟಗಳೂ ವಿಂಡೋಸ್‌ಗೆ ತಿರುಗುವಂತೆ ಮಾಡುವ ಸೌಕರ್ಯ ಮೊದಲೇ ಇದೆ. ರಸ್ಟ್ ಭಾಷೆಯ ಇನ್‌ಸ್ಟಾಲ್ ಪುಟ, ಬಂದವರು ಯಾವ ಸಿಸ್ಟಮ್‌ನಿಂದ ಬಂದರೆಂದು ತಾನೇ ನೋಡಿಕೊಂಡು ಅದಕ್ಕೆ ಹೊಂದುವ ಸೂಚನೆ ಕೊಡುತ್ತದೆ.

ಹಾಗಾದರೆ ಇದು ಯಾಕೆ ಎಲ್ಲೆಡೆ ಆಗುವುದಿಲ್ಲ? ದುರುದ್ದೇಶ ಎಂದು ನಾನು ಹೇಳಲಾರೆ. ಮ್ಯಾಕ್ ಕೂಡ ಯೂನಿಕ್ಸ್ ವಂಶದ್ದೇ ಆದ್ದರಿಂದ ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಓಡಿದ್ದು ಸರ್ವರಿನಲ್ಲೂ ಬಹುಮಟ್ಟಿಗೆ ಓಡುತ್ತದೆ. ತಪ್ಪು ನಿಮ್ಮ ಕಣ್ಣಿಗೆ ಬೀಳುವ ಸಂದರ್ಭವೇ ಬರುವುದಿಲ್ಲ. ತಾನಾಗಿ ಓಡುವ ಪರೀಕ್ಷೆಗಳನ್ನು ನೀವು ಹೂಡುವುದೂ ಉಬುಂಟು ಯಂತ್ರದ ಮೇಲೆಯೇ. ಗಿಟ್‌ಹಬ್‌ನಲ್ಲಿ ಸಾರ್ವಜನಿಕ ಪ್ರಾಜೆಕ್ಟುಗಳಿಗೆ ವಿಂಡೋಸ್ ಯಂತ್ರವೂ ಉಚಿತ, ಪರೀಕ್ಷೆ ಓಡುವ ಯಂತ್ರಗಳ ಪಟ್ಟಿಗೆ ಒಂದು ಹೆಸರು ಸೇರಿಸಿದರಾಯಿತು. ವಿಂಡೋಸ್ ಓದುಗ ಬಂದು ದೂರು ಕೊಟ್ಟಿಲ್ಲವಲ್ಲ ಎನ್ನುತ್ತೀರಿ. ಅವನು ದೂರು ಕೊಡುವ ಹಂತಕ್ಕೆ ತಲುಪಲೇ ಇಲ್ಲ ಸ್ವಾಮಿ, ಮೊದಲ ಪುಟದಲ್ಲೇ ಎದ್ದುಹೋದ. ಈಗ ಮಕ್ಕಳು ಎಐ ಕೇಳಿ ಮಾಡುತ್ತಾರೆ, ಕೈಪಿಡಿ ಯಾರು ಓದುತ್ತಾರೆ ಎಂಬ ಮಾತೂ ಕೇಳಿದ್ದೇನೆ. ಆ ಎಐ ಓದಿ ಬೆಳೆದದ್ದೂ ನೀವು ಬರೆದದ್ದನ್ನೇ. ಯಾವ ಸಿಸ್ಟಮ್ ಎಂದು ಹೇಳದೆ ಪ್ರಶ್ನೆ ಕೇಳಿದರೆ ಅದೂ ಎಷ್ಟೋ ಸಲ ‘ಎಕ್ಸ್‌ಪೋರ್ಟ್’ ಎಂದೇ ಉತ್ತರ ಕೊಡುತ್ತದೆ.

ನಾನು ಕೇಳುವುದು ದೊಡ್ಡದೇನಲ್ಲ. ಮೂರೂ ಸಿಸ್ಟಮ್‌ಗಳಿಗೆ ಎಲ್ಲವನ್ನೂ ಬರೆಯಿರಿ ಎಂದರೆ ನಿಮ್ಮ ಕೈಲಾಗದು, ಗೊತ್ತು. ಪುಟದ ತಲೆಯಲ್ಲಿ ಒಂದು ಸಾಲು ಹಾಕಿ: ಇದನ್ನು ಇಂಥ ಸಿಸ್ಟಮ್‌ನ ಇಂಥ ಆವೃತ್ತಿಯಲ್ಲಿ, ಇಂಥ ಶೆಲ್‌ನಲ್ಲಿ ಮಾಡಿ ನೋಡಿದ್ದೇವೆ. ವಿಂಡೋಸ್‌ನಲ್ಲಿ ನೋಡಿಲ್ಲವಾದರೆ ನೋಡಿಲ್ಲ ಎಂದೇ ಬರೆಯಿರಿ, ಅದರಲ್ಲಿ ಅವಮಾನವೇನೂ ಇಲ್ಲ. ಆಮೇಲೆ ಇನ್‌ಸ್ಟಾಲ್ ಪುಟ ಒಂದನ್ನಾದರೂ ಮೂರಕ್ಕೂ ಪೂರ್ತಿ ಬರೆಯಿರಿ. ಮಕ್ಕಳು ಸೋಲುವುದು ಅಲ್ಲೇ, ಒಳಗಿನ ಪುಟಗಳಲ್ಲಲ್ಲ. ಅಸೈನ್‌ಮೆಂಟ್ ಕಳಿಸುವವರು ಬ್ಯಾಶ್ ಬೇಕೆಂದಿದ್ದರೆ ಅದನ್ನು ಗಡುವು ಶುರುವಾಗುವ ಮೊದಲೇ ತಿಳಿಸಿ.

ಇಷ್ಟನ್ನು ಕೇಳಲು ಇನ್ನೊಂದು ಕಾರಣವೂ ಇದೆ. 1970ರ ದಶಕದ ಕೊನೆಗೆ ಆರ್.ಕೆ. ಬಾಳಿಗರ ಮುಂದಾಳತ್ವದಲ್ಲಿ ರಾಜ್ಯ ಸರ್ಕಾರದ ಕಿಯೋನಿಕ್ಸ್ ಸಂಸ್ಥೆ, ಕೋನಪ್ಪನ ಅಗ್ರಹಾರ ಮತ್ತು ದೊಡ್ಡತೋಗೂರಿನ 332 ಎಕರೆಯಲ್ಲಿ ಎಲೆಕ್ಟ್ರಾನಿಕ್ ಸಿಟಿಗೆ ಪಾಯ ಹಾಕಿತು. ಸುತ್ತಲ ಹಳ್ಳಿಗಳ ಮಕ್ಕಳು ಇವತ್ತು ಅಲ್ಲಿ ಸೆಕ್ಯೂರಿಟಿ, ಹೌಸ್‌ಕೀಪಿಂಗ್, ಕ್ಯಾಬ್ ಕೆಲಸಗಳಲ್ಲಿ ಕಾಣುವಷ್ಟು ನಿಮ್ಮ ಪಕ್ಕದ ಕುರ್ಚಿಗಳಲ್ಲಿ ಕಾಣುವುದಿಲ್ಲ. ಅದಕ್ಕೆ ಕಾರಣಗಳು ಬೇರೆ ಬೇರೆ ಇವೆ, ಹೆಚ್ಚಿನವು ನಿಮ್ಮ ಕೈಯಲ್ಲಿಲ್ಲ. ಇದೊಂದು ನಿಮ್ಮ ಕೈಯಲ್ಲಿದೆ.

ನಿಮ್ಮ ಮುಂದಿನ ರಿಲೀಸ್‌ಗೆ ಮೊದಲು ಆ ಇನ್‌ಸ್ಟಾಲ್ ಪುಟವನ್ನು ಒಂದು ಮಾಮೂಲಿ ವಿಂಡೋಸ್ ಲ್ಯಾಪ್‌ಟಾಪ್‌ನಲ್ಲಿ, ಏನೂ ಗೊತ್ತಿಲ್ಲದವರ ಹಾಗೆ, ಸಾಲು ಸಾಲಾಗಿ ಹೊಡೆದು ನೋಡಿ. ಆಫೀಸಿನಲ್ಲಿ ಅಂಥ ಯಂತ್ರ ಸಿಗದಿದ್ದರೆ ಆನೇಕಲ್‌ಗೆ ಬನ್ನಿ, ನಮ್ಮಲ್ಲಿ ಬೇಕಾದಷ್ಟಿವೆ. ಸಂಜೆ ಆರರ ಮೇಲೆ ನಾವೆಲ್ಲ ಅಲ್ಲೇ ಇರುತ್ತೇವೆ.

ಇಂತಿ,
ಆನೇಕಲ್‌ನ ಒಬ್ಬ ಕಂಪ್ಯೂಟರ್ ಮೇಷ್ಟ್ರು